ಗಢಿಯ ಮುಂದೆ ನಾನು ಕೂಗಿದ್ದು

ಕೆಲಸಗೇಡಿಗಳನ್ನು ಲೋಕ ಬೇಗ ಗುರುತು ಹಿಡಿಯುತ್ತದೆ. ತಡವಾಗಿ ಬರುವವರು, ಅರ್ಧಕ್ಕೆ ಬಿಟ್ಟು ಹೋಗುವವರು, ಹೇಳಿದ್ದೊಂದಾದರೆ ಇನ್ನೊಂದು ಮಾಡುವವರು, ಇವರನ್ನೆಲ್ಲ ಬೈದು ತಿದ್ದುವುದಕ್ಕೆ ಮನೆಯಲ್ಲಿ ಹಿರಿಯರಿದ್ದಾರೆ, ಕಚೇರಿಯಲ್ಲಿ ಸಾಹೇಬರಿದ್ದಾರೆ. ಆದರೆ ಒಪ್ಪಿಸಿದ ಕೆಲಸವನ್ನು ಹೇಳಿದ ಹೊತ್ತಿಗೆ, ಹೇಳಿದ ಹಾಗೆ, ಕೂದಲೆಳೆಯಷ್ಟೂ ತಪ್ಪದೆ ಮಾಡಿ, ಅದರಿಂದಲೇ ಎಲ್ಲವನ್ನೂ ಹಾಳುಮಾಡುವ ಒಂದು ಪಂಗಡವಿದೆ. ನಾನು ಆ ಪಂಗಡದವನು. ನಮ್ಮನ್ನು ಯಾರೂ ಬೈಯುವುದಿಲ್ಲ. ಬೈಯಲು ಹೊರಟವರು ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದೆ ಸುಮ್ಮನಾಗುತ್ತಾರೆ. ಹೀಗಾಗಿ ನಮ್ಮನ್ನು ನಾವೇ ಬೈದುಕೊಳ್ಳಬೇಕಾಗುತ್ತದೆ. ಈ ಬರಹವನ್ನು ಅಂಥ ಸ್ವಾವಲಂಬನೆಯ ಒಂದು ಪ್ರಯತ್ನವೆಂದು ತಿಳಿಯಬೇಕು.

ಸೊಲ್ಲಾಪುರದಲ್ಲಿ ನಮ್ಮದು ಚಾದರ, ಟವೆಲು ಮಾರುವ ಅಂಗಡಿ. ಬೋರ್ಡು ಮರಾಠಿಯಲ್ಲಿ, ವ್ಯಾಪಾರ ಸಿಕ್ಕ ಭಾಷೆಯಲ್ಲಿ, ಮನೆಯ ಜಗಳ ಮಾತ್ರ ಅಚ್ಚ ಕನ್ನಡದಲ್ಲಿ. ಅಪ್ಪನ ಗಾದಿಯ ಮೇಲೆ ನಾನು ಕೂತದ್ದು ಮೀಸೆ ಮೂಡುವ ಕಾಲಕ್ಕೆ. ಈಗ ಮೀಸೆ ಬೆಳ್ಳಗಾಗಿದೆ. ಇಷ್ಟು ವರ್ಷಗಳಲ್ಲಿ ನಾನು ಸಾಧಿಸಿದ ವಿದ್ಯೆ ಒಂದೇ. ಗಿರಾಕಿ ಬಾಯಿ ತೆರೆದು ಮುಚ್ಚುವುದರೊಳಗೆ ಉತ್ತರ ಕೊಡುವುದು. "ಡಬಲ್ ಚಾದರ..." ಎಂದು ಆತ ಎನ್ನುವಷ್ಟರಲ್ಲಿ "ಬಣ್ಣ ಹೋಗೂದಿಲ್ರಿ" ಎಂದು ನಾನು ಅಂದಾಗಿರುತ್ತದೆ. ಎದುರಿನವನ ಮಾತಿಗೂ ನನ್ನ ಮಾತಿಗೂ ನಡುವೆ ಒಂದು ಉಸಿರಿನಷ್ಟು ಸಂದು ಬಿಟ್ಟರೆ ಆತ ಆ ಸಂದಿನಲ್ಲಿ ಯೋಚನೆ ಮಾಡುತ್ತಾನೆ, ಯೋಚನೆ ಮಾಡಿದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬುದು ನಮ್ಮಪ್ಪನ ಸಿದ್ಧಾಂತ. ಇಂಥ ತರಬೇತಿ ಪಡೆದವನನ್ನು ಹೊಲಗದ್ದೆಗಳ ಕಡೆಗೆ ಬಿಡಬಾರದಿತ್ತು. ಬಿಟ್ಟವಳು ನನ್ನ ಹೆಂಡತಿ ಮಹಾದೇವಿ. ಆದರೆ ಆಮೇಲೆ ಆದದ್ದನ್ನು ಅವಳ ಲೆಕ್ಕಕ್ಕೆ ಹಚ್ಚುವ ಧೈರ್ಯ ನನಗಿಲ್ಲ.

ಅವಳ ತವರು ಅಕ್ಕಲಕೋಟ ತಾಲೂಕಿನಲ್ಲಿ, ಕುರನೂರ ಡ್ಯಾಮಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವಳಿಗೆ ಒಬ್ಬ ಅಣ್ಣ, ಸಿದ್ರಾಮಪ್ಪ, ನಮ್ಮ ಬಾಯಲ್ಲಿ ಸಿದ್ರಾಮಣ್ಣ. ಒಬ್ಬ ತಮ್ಮ, ಮಲ್ಲಿನಾಥ. ಇಬ್ಬರಿಗೂ ನಾನು ದಾಜಿ. ನಮ್ಮ ಕಡೆ ಅಕ್ಕತಂಗಿಯರ ಗಂಡನನ್ನು ಹಾಗೆಯೇ ಕರೆಯುವುದು. ಊರ ಹೊರಗೆ ಒಂದು ಗಢಿ ಇದೆ. ಗಢಿ ಎಂದರೆ ಕೋಟೆಯಷ್ಟು ದೊಡ್ಡದಲ್ಲ, ವಾಡೆಯಷ್ಟು ಚಿಕ್ಕದೂ ಅಲ್ಲ. ಹಿಂದೆ ಯಾವನೋ ಪಾಳೆಯಗಾರ ತನ್ನ ಬಲಕ್ಕಿಂತ ತುಸು ಹೆಚ್ಚು ಭಯಪಟ್ಟು ಕಟ್ಟಿಸಿದ್ದು. ಈಗ ಉಳಿದಿರುವುದು ಒಂದು ಬುರುಜು, ಅರ್ಧ ಬಾಗಿಲು, ಬಿರುಕಿನಲ್ಲಿ ಬೆಳೆದ ಒಂದು ಅರಳಿ ಗಿಡ. ಉಳಿದ ಕಲ್ಲುಗಳೆಲ್ಲ ಊರೊಳಗೆ ಮನೆಮನೆಯ ಮೆಟ್ಟಿಲುಗಳಾಗಿ ಸುಖವಾಗಿವೆ. ಗಢಿಯಿಂದ ಹಳ್ಳದವರೆಗಿನ ಭೂಮಿಯೆಲ್ಲ ನನ್ನ ಮಾವನ ಅಜ್ಜನದಾಗಿತ್ತಂತೆ. ಅದರಲ್ಲಿ ಒಂದಿಷ್ಟು ಉಳುವವನೇ ಒಡೆಯ ಎಂಬ ಕಾಯ್ದೆಗೆ ಹೋಯಿತು, ಒಂದಿಷ್ಟು ಅರಣ್ಯ ಇಲಾಖೆಗೆ ಹೋಯಿತು, ಒಂದಿಷ್ಟು ಹೆಣ್ಣುಮಕ್ಕಳ ಮದುವೆಗಳಿಗೆ ಹೋಯಿತು. ಗಢಿಯ ಪಡುವಣ ಮಗ್ಗುಲಿನ ತುಂಡು ಹೋದದ್ದು ನನ್ನ ಮದುವೆಗೆ. ಅದರ ಪಕ್ಕದಲ್ಲಿ ಹಾದುಹೋಗುವಾಗ ನಾನು ಈಗಲೂ ತುಸು ತಲೆ ತಗ್ಗಿಸುತ್ತೇನೆ. ನನಗಿಂತ ಅದು ಒಳ್ಳೆಯ ಬೆಳೆ ಕೊಡುತ್ತಿತ್ತು ಎಂದು ಅತ್ತೆಯವರು ಬದುಕಿದ್ದಾಗ ಒಮ್ಮೆ ಹೇಳಿದ್ದರು.

ಭೂಮಿ ಹೋಯಿತು, ಭೂಮಿಯ ಸುತ್ತು ಹೋಗಲಿಲ್ಲ. ಎಳ್ಳಮಾವಾಸ್ಯೆಯ ದಿನ ಒಕ್ಕಲಿಗರು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಕಡಬು, ರೊಟ್ಟಿ, ಭಜ್ಜಿ ಪಲ್ಯಗಳನ್ನು ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಬೆಳೆಯ ಸುತ್ತ ಚೆಲ್ಲುತ್ತ ನಡೆಯುವುದು ಎಲ್ಲರಿಗೂ ಗೊತ್ತಿರುವ ಚರಗ. ಬೇರೆಯವರು ತಮ್ಮ ಹೊಲದ ಸುತ್ತ ನಡೆದು ಹತ್ತು ನಿಮಿಷದಲ್ಲಿ ಊಟಕ್ಕೆ ಕೂಡುತ್ತಾರೆ. ನನ್ನ ಹೆಂಡತಿಯ ತವರಿನವರು ಮಾತ್ರ ಮುತ್ತಜ್ಜನ ಕಾಲದ ಗಡಿಯನ್ನೇ ಹಿಡಿದು ನಡೆಯುತ್ತಾರೆ. ತಮ್ಮ ಜೋಳದ ಹೊಲದಿಂದ ಹೊರಟು, ಬದುವಿನಗುಂಟ ಹಳ್ಳಕ್ಕಿಳಿದು, ಈಗ ಅರಣ್ಯ ಇಲಾಖೆಯದಾದ ಜಾಲಿ ಬೇವುಗಳ ಕಾಡನ್ನು ಹಾಯ್ದು, ಗಢಿಯ ಬುಡ ಸುತ್ತಿ, ಈಗ ಮೂವರು ಬೇರೆಯವರದಾದ ಹೊಲಗಳನ್ನು ದಾಟಿ ಮತ್ತೆ ಪಾಂಡವರ ಹತ್ತಿರ ಬಂದು ಸೇರುತ್ತಾರೆ. ಹೊಲ ಕೊಂಡವರಿಗೆ ಇದರಿಂದ ಬೇಸರವಿಲ್ಲ. ತಮ್ಮ ಬೆಳೆಗೆ ಎರಡನೆಯ ಚರಗ ಪುಕ್ಕಟೆ ಬಿತ್ತೆಂದು ಕೈಮುಗಿಯುತ್ತಾರೆ. ಕಾಡಿನ ಗಾರ್ಡು ಪ್ರವೇಶವಿಲ್ಲ ಎಂದು ಬರೆದ ಹಲಗೆಗೆ ಬೆನ್ನು ಹಚ್ಚಿ ನಿಂತು, "ಕಾಯ್ ಪಾವ್ಣೆ, ಭಜ್ಜೀ ಆಣಲೀ ಕಾ?" ಎಂದು ಮರಾಠಿಯಲ್ಲಿ ವಿಚಾರಿಸುತ್ತಾನೆ. ಭಜ್ಜಿ ತಂದದ್ದು ಖಚಿತವಾದ ಮೇಲೆ ಮರದ ಮೇಲಿನ ಹಕ್ಕಿಗಳನ್ನು ಬಹಳ ಹೊತ್ತು ನೋಡುತ್ತಾನೆ.

ಈ ಸುತ್ತಿಗೆ ಇಬ್ಬರು ಬೇಕು. ಮುಂದಿನವನು ಬುಟ್ಟಿಯಿಂದ ಚೆಲ್ಲುತ್ತ "ಓಲಗ್ಯಾ ಓಲಗ್ಯಾ" ಎಂದು ಕೂಗಬೇಕು. ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ "ಸಾಲಂ ಪೋಲಗ್ಯಾ" ಎಂದು ಮಾರುತ್ತರ ಕೊಡಬೇಕು. ಇದರ ಅರ್ಥ ಊರಲ್ಲಿ ಯಾರಿಗೂ ಗೊತ್ತಿಲ್ಲ, ಹಾಗಾಗಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಮುಂದೆ ಅಣ್ಣ, ಹಿಂದೆ ತಮ್ಮ. ಅವರಪ್ಪನ ಕಾಲದಿಂದಲೂ ಹಾಗೆಯೇ. ಮಲ್ಲಿನಾಥನ ಮಾರುತ್ತರ ಹಳ್ಳದ ಆಚೆಗೂ ಕೇಳುತ್ತಿತ್ತೆಂದು ಹೇಳುತ್ತಾರೆ. ಕೇಳುತ್ತಿತ್ತು ಎಂದೆ. ಡ್ಯಾಮಿನ ನೀರು ಬಂದ ಮೇಲೆ ಮಲ್ಲಿನಾಥ ತನ್ನ ಪಾಲಿನ ಹೊಲಕ್ಕೆ ಕಬ್ಬು ಹಾಕಿದ. ಅಣ್ಣನಿಗೆ ಜೋಳ ಬಿಟ್ಟರೆ ಉಳಿದದ್ದೆಲ್ಲ ಹುಲ್ಲು. ಒಂದು ಎಳ್ಳಮಾವಾಸ್ಯೆಯ ದಿನ ಸುತ್ತು ಕಬ್ಬಿನ ಅಂಚಿಗೆ ಬಂದಾಗ ಅಣ್ಣ ಬುಟ್ಟಿಯೊಳಗಿನ ಕೈ ಹೊರಗೆ ತೆಗೆಯದೆ, "ಕಬ್ಬಿಗೆ ಎಂಥಾ ಚರಗಪಾ? ನಿನ್ನ ಬೆಳಿ ಸಕ್ಕರಿ ಫ್ಯಾಕ್ಟರಿದು. ಚೇರ್ಮನ್ನಗ ಹೇಳು, ಬಂದು ಚೆಲ್ಲಲಿ" ಎಂದನಂತೆ. ತಮಾಷೆಗೆ ಅಂದೆ ಎಂದು ಅಣ್ಣ ಈಗಲೂ ಹೇಳುತ್ತಾನೆ. ತಮಾಷೆ ಮಾಡುವಾಗ ಮುಖ ಗಂಟಿಕ್ಕಿಕೊಳ್ಳುವುದು ಆ ಮನೆತನದ ರೂಢಿ. ಮಲ್ಲಿನಾಥ ತಂಬಿಗೆಯನ್ನು ಬದುವಿನ ಮೇಲಿಟ್ಟು ಮನೆಗೆ ಹೋದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಕೆಲವು ವರ್ಷ ಅಣ್ಣ ಕೂಲಿಯಾಳೊಬ್ಬನನ್ನು ಹಿಂದೆ ಕರೆದುಕೊಂಡು ನಡೆದ. ಆ ಆಳು ಮಾರುತ್ತರವನ್ನು ಯಾರದೋ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ ಹೇಳುತ್ತಿದ್ದನಂತೆ. ಕೊನೆಗೆ ಹೋದ ವರ್ಷ ಸಿದ್ರಾಮಣ್ಣ ಫೋನು ಮಾಡಿದ.

"ದಾಜಿ, ನೀವರೆ ಬರ್ರಿ. ಅಂಗಡ್ಯಾಗ ಕುಂತ ಮಂದಿನ್ನ ಕರದು ಕರದು ನಿಮ್ಮ ದನಿ ಪಳಗೈತಿ."

ನನ್ನ ಬಾಳಿನಲ್ಲಿ ನನ್ನ ದನಿಯನ್ನು ಯಾರೂ ಹೊಗಳಿರಲಿಲ್ಲ. ಹಬ್ಬಕ್ಕೆ ಮೊದಲಿನ ದಿನಗಳಲ್ಲಿ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಮೇಲಿನ ಮನೆಯವರು ಬಂದು ಏನಾದರೂ ತೊಂದರೆಯೇ ಎಂದು ಕೇಳಿ ಹೋದರು. ಅಮಾವಾಸ್ಯೆಯ ಮುಂಜಾನೆ ಅಕ್ಕಲಕೋಟದವರೆಗೆ ಬಸ್ಸು, ಅಲ್ಲಿಂದ ಊರಿಗೆ ಟಮಟಮ್ ರಿಕ್ಷಾ. ಮಹಾದೇವಿ ದಾರಿಯುದ್ದಕ್ಕೂ ಏನನ್ನೋ ಹೇಳಲು ಹೊರಟು ಸುಮ್ಮನಾಗುತ್ತಿದ್ದಳು. ಊರು ಹತ್ತಿರ ಬಂದಾಗ, "ಸುತ್ತ ಹಾಕುವಾಗ ಭಾಳ ಮುಂದಮುಂದ ಮಾಡಬ್ಯಾಡ್ರಿ" ಎಂದಳು. ಕಾಲು ಎಡವೀತೆಂಬ ಕಾಳಜಿಯಿಂದ ಹೇಳಿದಳೆಂದು ನಾನು ತಿಳಿದುಕೊಂಡೆ.

ಹೊಲದಲ್ಲಿ ಪಾಂಡವರ ಪೂಜೆಯಾಯಿತು. ಹೆಂಗಸರು ಗಿಡದ ನೆರಳಿಗೆ ಬುತ್ತಿ ಬಿಚ್ಚುತ್ತ ಕೂತರು. ಸಿದ್ರಾಮಣ್ಣ ನನ್ನ ಕೈಗೆ ತಂಬಿಗೆ ಕೊಟ್ಟು, ಪಟ್ಟಾಭಿಷೇಕದ ಸ್ವರದಲ್ಲಿ ಉಪದೇಶ ಮಾಡಿದ. "ನಾ ಒದರಿದ ಕೂಡಲೆ ನೀವ ಒದರಬೇಕ್ರಿ. ನಡಬರಕ ಸಂದ ಬೀಳಬಾರದು. ಸಂದ ಬಿತ್ತಂದ್ರ ಸುತ್ತ ಹರದಂಗ." ಇಷ್ಟು ಹೇಳುವುದಕ್ಕೆ ಅವನು ತಪ್ಪು ಮನುಷ್ಯನನ್ನು ಆರಿಸಿಕೊಂಡಿದ್ದ. ಸಂದು ಬೀಳದಂತೆ ನೋಡಿಕೊಳ್ಳುವುದೇ ನಮ್ಮ ಮನೆತನದ ಕಸುಬು. ಬದುವಿನ ಮೇಲೆ ಅವನು "ಓಲಗ್ಯಾ" ಎನ್ನುವಷ್ಟರಲ್ಲಿ ನನ್ನ "ಸಾಲಂ" ಅವನ ಬೆನ್ನಿಗೆ ತಾಗುತ್ತಿತ್ತು. ಒಂದೆರಡು ಸಲ ಅವನು ಕೆಮ್ಮಿದ್ದಕ್ಕೂ ಉತ್ತರ ಕೊಟ್ಟೆ.

ನಡಿಗೆಯ ವೈಭವವನ್ನು ಬಣ್ಣಿಸಬೇಕೆಂದು ಆಸೆ. ಆದರೆ ನಾನು ಕಂಡದ್ದು ಹೆಚ್ಚಾಗಿ ನೆಲ. ಪೇಟೆಯ ಚಪ್ಪಲಿಗೂ ಜಾಲಿಮುಳ್ಳಿಗೂ ಇರುವ ಸಂಬಂಧ ಬಹಳ ಆಳವಾದದ್ದು. ಜೋಳದ ತೆನೆಗಳು ಹಾಲುಗಾಳಾಗಿ ತಲೆ ತೂಗುತ್ತಿದ್ದವು. ಎಲೆಗಳು ಕೆನ್ನೆಗೆ ಗೀರುತ್ತಿದ್ದವು. ಹಳ್ಳದಲ್ಲಿ ನೀರು ಕಡಿಮೆ, ಕೆಸರು ಧಾರಾಳ. ಕಾಡಿನೊಳಗೆ ಹೊಕ್ಕ ಕೂಡಲೇ ಬಿಸಿಲು ಸಣ್ಣದಾಯಿತು, ಜಾಲಿಯ ಹಳದಿ ಹೂ ಎಲ್ಲೋ ಘಮ್ಮೆನ್ನುತ್ತಿತ್ತು, ನಮ್ಮ ಕೂಗು ಮರಗಳ ನಡುವೆ ಬೇರೆಯೇ ಆಗಿ ಕೇಳಿತು. ಗಾರ್ಡು ತನ್ನ ಭಜ್ಜಿ ಪಡೆದು ಹಕ್ಕಿಗಳ ಕಡೆ ತಿರುಗಿದ. ಅಲ್ಲಿ ಸಿದ್ರಾಮಣ್ಣ ಒಮ್ಮೆ ನಿಂತು, ಯಾರಿಗೆಂದಿಲ್ಲದೆ, "ಇಲ್ಲೆ ಮಲ್ಲ್ಯಾ ಸಣ್ಣಾಂವಿದ್ದಾಗ ಅಂಜತಿದ್ದ. ನನ್ನ ಧೋತರದ ಚುಂಗ ಹಿಡಕೊಂಡ ಒದರತಿದ್ದ" ಎಂದ. ನಾನು ಇದನ್ನು ಕೂಗೆಂದು ಭಾವಿಸದಿದ್ದುದು ಆ ದಿನದ ನನ್ನ ಒಂದೇ ಒಂದು ಜಾಣತನ.

ಕಾಡು ಮುಗಿದು ಏರು ಹತ್ತಿದರೆ ಗಢಿ. ಬುರುಜಿನ ನೆರಳಿನಲ್ಲಿ ಮಲ್ಲಿನಾಥ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೋಪಿ, ಹಣೆಗೆ ವಿಭೂತಿ. ಅಣ್ಣನನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಆರಾಮಿದ್ದೀರೇನ್ರಿ ದಾಜಿ?"

"ಆರಾಮಪಾ. ನೀ ಇಲ್ಲೇನ ಮಾಡಾಕತ್ತೀ?"

"ಎಮ್ಮಿ ತಪ್ಪಿಸ್ಕೊಂಡೈತ್ರಿ. ನೋಡಾಕ ಬಂದಿದ್ದೆ."

ಪಾಪ, ಹಬ್ಬದ ದಿನವೇ ತಪ್ಪಿಸಿಕೊಳ್ಳಬೇಕೇ ಎಂದು ನಾನು ಎಮ್ಮೆಯನ್ನು ಬೈದೆ. ಸಿದ್ರಾಮಣ್ಣ ಬುಟ್ಟಿ ಕೆಳಗಿಟ್ಟ. ರುಮಾಲು ಬಿಚ್ಚಿ ಮತ್ತೆ ಸುತ್ತಿದ. ಅಷ್ಟು ಸಾವಕಾಶವಾಗಿ ರುಮಾಲು ಸುತ್ತಿದವರನ್ನು ನಾನು ಮದುಮಗನ ಪೈಕಿಯಲ್ಲೂ ನೋಡಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಬಹಳ ಮೆತ್ತಗೆ ಹೇಳಿದ.

"ದಾಜಿ, ನೀವ ಭಾಳ ದಣದೀರಿ. ಬೇಕಾದ್ರ ಇಲ್ಲೇ ನೆಳ್ಳಿಗಿ ಕುಂದರ್ರಿ. ತಂಬಿಗಿ ಇಡ್ರಿ ಇಲ್ಲೆ."

"ಏ, ಛೇ! ಹಿಡದ ಕೆಲಸ ನಾ ಅರ್ಧಕ್ಕ ಬಿಡಾವಲ್ರಿ" ಎಂದೆ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಕಾಲಿನಲ್ಲಿ ಎರಡು ಮುಳ್ಳು ಮುರಿದಿದ್ದವು. ಆದರೂ ಸೊಲ್ಲಾಪುರದ ಮರ್ಯಾದೆ ನನ್ನ ಮೇಲಿದೆ ಎಂಬಂತೆ ನೆಟ್ಟಗೆ ನಿಂತೆ. ಮಲ್ಲಿನಾಥ ತಂಬಿಗೆಯನ್ನು ನೋಡಿದ. ಅವನಿಗೆ ಬಾಯಾರಿಕೆಯಾಗಿದೆ ಎಂದು ಅಂದುಕೊಂಡೆ.

ಸಿದ್ರಾಮಣ್ಣ ಬುಟ್ಟಿ ಎತ್ತಿಕೊಂಡ. ನನಗೆ ಪೂರ್ತಿ ಬೆನ್ನು ಮಾಡಿ, ಬುರುಜಿನ ಕಡೆ ಮುಖ ಮಾಡಿ, ಅಲ್ಲಿಯವರೆಗೆ ಕೂಗದಷ್ಟು ದೊಡ್ಡದಾಗಿ ಕೂಗಿದ. "ಓಲಗ್ಯಾ! ಓಲಗ್ಯಾ!" ಕೂಗಿ ತಡೆದ. ಮಲ್ಲಿನಾಥ ಎದೆ ತುಂಬ ಉಸಿರೆಳೆದುಕೊಂಡ. ಬಾಯಿ ತೆರೆದ. ಆಕಳಿಸುತ್ತಾನೆ ಎಂದುಕೊಂಡೆ. ಸಂದು ಬೀಳುತ್ತಿದೆ, ಸುತ್ತು ಹರಿಯುತ್ತಿದೆ! ಬಚ್ಚಲಿನಲ್ಲಿ ಮಾಡಿದ ಅಭ್ಯಾಸವನ್ನೆಲ್ಲ ಒಂದೇ ಉಸಿರಿಗೆ ಖರ್ಚುಮಾಡಿ ನಾನು ಕೂಗಿದೆ. "ಸಾಲಂ ಪೋಲಗ್ಯಾ!"

ಬುರುಜಿನ ಪಾರಿವಾಳಗಳು ಎದ್ದು ಹೋದವು. ಹಾಳು ಗೋಡೆ ನನ್ನ ದನಿಯನ್ನೇ ಮತ್ತೊಮ್ಮೆ ಹೇಳಿತು. ಮಲ್ಲಿನಾಥ ಬಾಯಿ ಮುಚ್ಚಿದ. "ದಾಜಿ ದನಿ ಭಾರೀ ಐತ್ರಿ" ಎಂದು ನನಗೆ ಹೇಳಿ, ಗಢಿಯ ಹಿಂದೆ ಇಳಿದು ತನ್ನ ಕಬ್ಬಿನ ಕಡೆ ಹೋದ. ಸಿದ್ರಾಮಣ್ಣ ಬುಟ್ಟಿ ಹೊತ್ತು ಮುಂದೆ ನಡೆದ. ಉಳಿದ ದಾರಿಯಲ್ಲಿ ಅವನು ಕೂಗಿದ ಕೂಗು ಹಳೆಯ ಕೂಲಿಯಾಳಿನ ಮಾರುತ್ತರದಷ್ಟೇ ಸಣ್ಣದಿತ್ತು. ದಣಿವು ಎಂದು ಕನಿಕರಪಟ್ಟು, ಅವನ ಪಾಲಿನದನ್ನೂ ಸೇರಿಸಿ ನಾನೇ ಜೋರಾಗಿ ಕೂಗಿದೆ.

ಊಟದಲ್ಲಿ ನನ್ನ ಪರಾಕ್ರಮವನ್ನು ನಾನೇ ವರ್ಣಿಸಿದೆ. ಎಮ್ಮೆಯ ಸಂಗತಿಯನ್ನೂ ಹೇಳಿದೆ. ಕಡಬು ಬಡಿಸುತ್ತಿದ್ದ ಮಹಾದೇವಿಯ ಕೈ ನನ್ನ ಎಲೆಯ ಮೇಲೆ ನಿಂತುಬಿಟ್ಟಿತು. ಕಡಬು ಎಲೆಗೆ ಬೀಳಲಿಲ್ಲ, ಬುಟ್ಟಿಗೆ ವಾಪಸು ಹೋಯಿತು. ಸಂಜೆ ಬಸ್ಸಿನಲ್ಲಿ ಅಣ್ಣನ ಉಪಚಾರ, ಅಂಗಿ, ವಿಭೂತಿ, ಆಕಳಿಕೆ ಒಂದನ್ನೂ ಬಿಡದೆ ಅವಳೊಬ್ಬಳಿಗೇ ಬಣ್ಣಿಸಿದೆ. ಅಕ್ಕಲಕೋಟದ ಗದ್ದಲ ದಾಟಿದ ಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತ ಮಾತಾಡಿದಳು.

"ಇಸ್ತ್ರಿ ಅಂಗಿ ಹಾಕ್ಕೊಂಡು, ಈಬತ್ತಿ ಹಚ್ಕೊಂಡು ಯಾರರೆ ಎಮ್ಮಿ ಹುಡಕತಾರೇನ್ರಿ?"

ಹಬ್ಬದ ದಿನವಲ್ಲವೇ ಎಂದೆ.

"ಅಣ್ಣ ಕುಂದರ್ರಿ ಅಂದ. ತಂಬಿಗಿ ಇಡ್ರಿ ಅಂದ. ಇನ್ನೆಷ್ಟ ಬಿಡಿಸಿ ಹೇಳಬೇಕಿತ್ರಿ ನಿಮಗ? ಅಂವ ಒದರಿದ್ದು ನಿಮಗಲ್ಲ. ನಮ್ಮ ಮಲ್ಲೂಗ. ಅಂವ ಬಾಯಿ ತಗದಿದ್ನಲ್ರೀ!"

"ನನಗ ಹೇಳಿದ್ದು ಸಂದ ಬೀಳಬಾರದು ಅಂತ..."

"ಬೀಳಬೇಕಾಗಿತ್ತು" ಎಂದಳು ಮಹಾದೇವಿ. ಮುಂದೆ ಸೊಲ್ಲಾಪುರದವರೆಗೆ ನಮ್ಮಿಬ್ಬರ ನಡುವೆ ಬಿದ್ದ ಸಂದನ್ನು ತುಂಬುವ ಸಾಹಸವನ್ನು ನಾನು ಮಾಡಲಿಲ್ಲ.

ಅಂದಿನಿಂದ ನನಗೆ ಒಂದು ಕಾಯಿಲೆ ಅಂಟಿತು. ಗಿರಾಕಿ ಬಾಯಿ ತೆರೆದರೆ ನಾನು ಸುಮ್ಮನೆ ಅವನ ಬಾಯಿಯನ್ನು ನೋಡುತ್ತ ಕೂಡುತ್ತಿದ್ದೆ. ಮಗ ಡಾಕ್ಟರಿಗೆ ತೋರಿಸೋಣ ಎಂದ. ತಪ್ಪನ್ನು ಸರಿಪಡಿಸಬೇಕೆಂದು ಮನಸ್ಸಿನಲ್ಲಿ ಉದ್ದುದ್ದ ಭಾಷಣಗಳನ್ನು ಸಿದ್ಧಮಾಡಿದೆ. ಹಾಗಿರುವಾಗ ಮಳೆಗಾಲದಲ್ಲಿ ಒಂದು ದಿನ ಮಲ್ಲಿನಾಥ ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿದ. ಬೀಗರಿಗೆ ಕೊಡಲು ಚಾದರ ಬೇಕಿತ್ತಂತೆ. ದೇವರೇ ಕಳಿಸಿದನೆಂದು ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಹೊರಗೆ ಬಂದದ್ದು "ಡಬಲ್ ಬೇಕೋ ಸಿಂಗಲ್ಲೋ" ಎಂಬ ಮಾತು. ಒಂದಾದ ಮೇಲೊಂದು ಚಾದರ ಬಿಚ್ಚಿ ಹಾಸಿದೆ. ಅವನು ಒಂದನ್ನೂ ಸರಿಯಾಗಿ ನೋಡದೆ, ಅಂಚು ಸವರುತ್ತ ಕೇಳಿದ.

"ದೊಡ್ಡಾಂವನ ಮಣಕಾಲ ನೋವು ಹ್ಯಾಂಗೈತ್ರಿ ಈಗ?"

"ಹಂಗ ಐತಿ."

"ಅಷ್ಟ ದೂರ ಸುತ್ತ ಹಾಕಬಾರದು ಅಂವ ಇನ್ನ. ಹೇಳ್ರಿ ನೀವರೆ."

"ಹೇಳತೀನಪಾ" ಎಂದೆ. ನೀನೇ ಹೇಳು ಎನ್ನಬೇಕಿತ್ತು. ಅದು ಹೊಳೆದದ್ದು ಅವನು ಚಾದರ ಬಗಲಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ತಿರುಗಿದ ಮೇಲೆ. ಗಲ್ಲಾದ ಹಿಂದಿನಿಂದ ಎದ್ದು ರಸ್ತೆಯವರೆಗೆ ಓಡಿದೆ. ಆ ಗದ್ದಲದಲ್ಲಿ ಹೆಸರು ಹಿಡಿದು ಕೂಗಬಹುದಿತ್ತು. ದನಿ ಏನೂ ಕಡಿಮೆ ಇರಲಿಲ್ಲ. ಯಾಕೋ ಕೂಗಲು ನಾಚಿಕೆಯಾಯಿತು.

ಈ ವರ್ಷದ ಎಳ್ಳಮಾವಾಸ್ಯೆಗೆ ನಾನು ಬೇರೆಯೇ ಮನುಷ್ಯನಾಗಿ ಹೋದೆ. ಗಟ್ಟಿ ಚಪ್ಪಲಿ, ಕೊರಳಿಗೆ ಮಫ್ಲರು. ಗಂಟಲು ಕೂತಿದೆ ಎಂದು ಮೊದಲೇ ಸುದ್ದಿ ಹಬ್ಬಿಸಿದ್ದೆ. ಗಢಿಯ ಹತ್ತಿರ ಬಂದಾಗ ತಂಬಿಗೆ ಕೆಳಗಿಟ್ಟು, ಮುಳ್ಳು ತೆಗೆಯುವ ನೆಪದಲ್ಲಿ ದೂರ ಹೋಗಿ ಕೂಡುವುದು ನನ್ನ ಯೋಜನೆ. ಮಹಾದೇವಿಗೆ ಅದನ್ನು ಮೂರು ಸಲ ಒಪ್ಪಿಸಿ ತೋರಿಸಿದ್ದೆ. ಸಿದ್ರಾಮಣ್ಣ ಕೋಲೂರಿಕೊಂಡು ನಡೆಯುತ್ತಿದ್ದ. ಹಳ್ಳ ದಾಟುವಾಗ ನನ್ನ ಹೆಗಲು ಹಿಡಿದ. ಕಾಡಿನಲ್ಲಿ ಎರಡು ಕಡೆ ಕೂತ. ಕೊನೆಗೆ ಏರು ಹತ್ತಿ ನೋಡಿದರೆ ಬುರುಜಿನ ನೆರಳು ಖಾಲಿ. ನಾನು ಯೋಜನೆಯ ಪ್ರಕಾರ ತಂಬಿಗೆ ಕೆಳಗಿಟ್ಟೆ. ಅದನ್ನು ಎತ್ತಿಕೊಳ್ಳುವವರು ಬಂದಿರಲಿಲ್ಲ.

ಸಿದ್ರಾಮಣ್ಣ ಅರ್ಧ ಬಾಗಿಲಿನ ಕಲ್ಲಿನ ಮೇಲೆ ಕೂತ. ಕಬ್ಬಿನ ಕಡೆ ನೋಡಿದ. ಕಬ್ಬು ಆಳೆತ್ತರ ನಿಂತಿತ್ತು. ಅದರಾಚೆ ಯಾರಿದ್ದರೂ ಕಾಣುವಂತಿರಲಿಲ್ಲ.

"ದಾಜಿ, ಒಂದ ಮಾತ ಕೇಳತೀನಿ, ಖರೇ ಹೇಳ್ರಿ" ಎಂದ. "ಹ್ವಾದ ವರ್ಷ ನಾ ನಿಮಗ ಬೆನ್ನ ಮಾಡಿ, ಬುರಜ ನೋಡಿ ಒದರಿದ್ದೆ. ಆದ್ರ ಬಿಸಲ ಕಣ್ಣಿಗಿ ಹೊಡೀತಿತ್ತು, ಅವನ ಮಾರಿ ಕಾಣಲಿಲ್ಲ. ನೀವ ನೋಡೀರಿ. ಅಂವ ಏನರೆ ಅನ್ನಾವಿದ್ನೇನ್ರಿ?"

ಇಡೀ ವರ್ಷ ನಾನು ಕಾದಿದ್ದ ಪ್ರಶ್ನೆ ಇದು. ಇದಕ್ಕೆ ಉತ್ತರ ಒಂದೇ ಪದ. ಆ ಪದ ಕೇಳಿದ್ದರೆ ಅವನು ಆ ಮಂಡಿಯನ್ನೇ ಎಳೆದುಕೊಂಡು ಕಬ್ಬಿನೊಳಗೆ ಇಳಿಯುತ್ತಿದ್ದ ಎಂದು ನನಗೆ ಗೊತ್ತು. ಆದರೆ ಹೌದು ಎಂದ ಮೇಲೆ, ಮತ್ತೆ ಯಾಕೆ ಅನ್ನಲಿಲ್ಲ ಎಂದು ಅವನು ಕೇಳುವುದು ಸಹಜ. ಆಗ ಆ ಕಾರಣ ಅವನ ಎದುರಿಗೇ ಮಫ್ಲರು ಸುತ್ತಿಕೊಂಡು ನಿಂತಿದೆ ಎಂದು ನಾನೇ ಬೆರಳು ಮಾಡಿ ತೋರಿಸಬೇಕಿತ್ತು. ಚಾದರದ ಬಣ್ಣ ಹೋಗುತ್ತದೆ ಎಂದು ಇಷ್ಟು ವರ್ಷಗಳಲ್ಲಿ ಒಬ್ಬ ಗಿರಾಕಿಗೂ ಹೇಳದವನು ನಾನು. ಒಂದು ಉಸಿರಿನಷ್ಟು ಸಂದು ಬಿತ್ತು. ಆ ಸಂದಿನಲ್ಲಿ ಸಿದ್ರಾಮಣ್ಣ ಯೋಚನೆ ಮಾಡತೊಡಗಿದ್ದು ಅವನ ಮುಖದಲ್ಲಿ ಕಂಡಿತು. ನನಗೆ ಹೆದರಿಕೆಯಾಯಿತು.

"ಇಲ್ರಿ ಅಣ್ಣಾ" ಎಂದೆ. "ಆಕಳಿಸಾಕತ್ತಿದ್ದ."

ಅವನು ತಲೆಯಾಡಿಸಿದ. ಕೋಲು ಹುಡುಕಿ ಎದ್ದ, ಬುಟ್ಟಿ ಎತ್ತಿಕೊಂಡ, ನನ್ನ ತಂಬಿಗೆಯನ್ನು ತಾನೇ ಬಗ್ಗಿ ತೆಗೆದು ನನ್ನ ಕೈಗೆ ಕೊಟ್ಟ. ಆಮೇಲೆ ಯಾವ ಕಡೆಗೂ ಮುಖ ಮಾಡದೆ ಕೂಗಿದ. ನಾನು ಉತ್ತರ ಕೊಟ್ಟೆ. ಕೂತ ಗಂಟಲಿನಿಂದ ಅಷ್ಟು ದೊಡ್ಡ ದನಿ ಹೊರಟದ್ದು ನನಗೇ ಆಶ್ಚರ್ಯ.

"ಈ ವರ್ಷ ಹದಕ್ಕ ಬಂದೈತ್ರಿ ದಾಜಿ ದನಿ" ಎಂದ ಸಿದ್ರಾಮಣ್ಣ. "ಇನ್ನಮ್ಯಾಲ ನೀವ ಖಾಯಂ ಬರ್ರಿ."

ಬರುತ್ತೇನೆ ಎಂದೆ. ತಡಮಾಡದೆ ಎಂದೆ.